ಮೇಜಿನ ಸುತ್ತ ಎಷ್ಟು ಹೆಂಗಸರು?

ಬೆಳಿಗ್ಗೆ ಒರ್ಮೊನ್ ತಿಂಡಿಗೆ ಕೂತಾಗ ಸೊಸೆ ಐಜಿರೆಕ್ ಎಂದಿನಂತೆ ಚಹಾ ಬಗ್ಗಿಸಿ ಕೊಟ್ಟಳು. ಕೊಟ್ಟವಳು ಒಳಗೆ ಹೋಗಲಿಲ್ಲ.

"ಆತಾ, ತಾಷ್ಕೆಂಟಿನಿಂದ ಮತ್ತೆ ಫೋನ್ ಬಂದಿತ್ತು. ನದಿ ನೀರಿನ ಮಾತುಕತೆಗೆ ನನ್ನನ್ನ ಕರೀತಿದಾರೆ."

ಅವಳು ಮಾವನನ್ನು ಅಪ್ಪನೆಂದೇ, ಆತಾ ಎಂದೇ ಕರೆಯುತ್ತಿದ್ದಳು. ಒರ್ಮೊನ್ ಒರಟು ಮನುಷ್ಯರಲ್ಲ. "ಬರೋ ವರ್ಷ ನೋಡೋಣಮ್ಮ. ನಿಮ್ಮತ್ತೆಗೆ ಮಂಡಿನೋವು, ಮನೆಗೆ ಬಂದು ಹೋಗೋರು ಬೇರೆ ಜಾಸ್ತಿ" ಎಂದರು.

"ಹೋದ ವರ್ಷಾನೂ ಹಾಗೇ ಅಂದಿದ್ರಿ."

"ಬೇಡ ಅಂದ್ನಾ ನಾನು?"

ಅಡುಗೆಮನೆಯಿಂದ ಹೆಂಡತಿ ಬತ್ಮಾ ಕೂಗಿದರು: "ಸಾಯಂಕಾಲ ನಮ್ಮಕ್ಕಂದಿರು ಬರ್ತಿದಾರೆ. ಹಿಟ್ಟು ನಾದೋಕೆ ಆ ತಾಷ್ಕೆಂಟಿನವರು ಬರ್ತಾರಂತಾ?" ಐಜಿರೆಕ್‌ಳ ಗಂಡ, ಅವರ ಮಗ ಅದಿಲೆತ್ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ. ಐಜಿರೆಕ್ ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಅವರ ದೇಶದ ರಾಜಧಾನಿ ಬಿಷ್ಕೆಕ್‌ನಲ್ಲಿ ಒರ್ಮೊನ್‌ರನ್ನು ಅರಿಯದವರು ಕಡಿಮೆ. ವಾರಕ್ಕೊಮ್ಮೆ ಟೀವಿಯಲ್ಲಿ ನೇರ ಪ್ರಸಾರವಾಗುವ 'ಲೋಕದ ಮಾತು' ಅವರದೇ ಸಂದರ್ಶನ ಕಾರ್ಯಕ್ರಮ. ಯುದ್ಧ, ಗಡಿ, ಒಪ್ಪಂದ, ವಿಷಯ ಯಾವುದೇ ಇರಲಿ, ಬಂದ ಅತಿಥಿಗೆ ಅವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದರು: "ನಿಮ್ಮ ಮಾತುಕತೆಯ ಮೇಜಿನ ಸುತ್ತ ಎಷ್ಟು ಜನ ಹೆಂಗಸರಿದ್ದಾರೆ?" ಎಂಥೆಂಥ ಮಂತ್ರಿಗಳೋ ಅಲ್ಲಿ ತಡವರಿಸಿದ್ದರು. ಅದನ್ನು ಕೇಳಲೆಂದೇ ಜನ ಟೀವಿ ಹಾಕುತ್ತಿದ್ದರು.

ಅಂದು ಸಂಜೆ ಎದುರು ಕೂತಿದ್ದವರು ಪಕ್ಕದ ದೇಶದ ತಾಷ್ಕೆಂಟಿನಿಂದ ಬಂದ ಮುಹಯ್ಯೊ. ನೆರೆಯ ದೇಶಗಳ ನಡುವೆ ನದಿ ನೀರು ಹಂಚುವ ಮಾತುಕತೆಗಳಲ್ಲೇ ಕೂದಲು ಬೆಳ್ಳಗಾದ ಹೆಂಗಸು. ಒರ್ಮೊನ್ ತಮ್ಮ ಪ್ರಶ್ನೆ ಕೇಳಿದರು.

"ಈಗ ನಾನೊಬ್ಬಳೇ" ಎಂದರು ಮುಹಯ್ಯೊ. "ಮುಂಚೆ ಇಬ್ಬರಿದ್ವಿ. ಇನ್ನೊಬ್ಬಳು ನಿಮ್ಮೂರಿನ ಹುಡುಗಿ, ಐಜಿರೆಕ್ ಅಂತ. ಒಂದ್ಸಲ ಎರಡೂ ಕಡೆಯವರು ಕಿತ್ತಾಡಿ ಎದ್ದು ಹೊರಟಾಗ ಮತ್ತೆ ಕರೆತಂದು ಕೂರಿಸಿದ್ದು ಅವಳು. ಮದುವೆ ಆದ್ಮೇಲೆ ಬರಲಿಲ್ಲ. ಈಗ ಮತ್ತೆ ಕರೆದೆ. ಮನೇಲಿ ಬರೋ ವರ್ಷ ನೋಡೋಣ ಅಂತಾರಂತೆ." ಆಮೇಲೆ ನಗುತ್ತ ಸೇರಿಸಿದರು: "ಮಂತ್ರಿಗಳನ್ನೆಲ್ಲ ಕೇಳ್ತೀರಲ್ಲ, ಒಂದ್ಸಲ ಆ ಮನೆ ಯಜಮಾನನನ್ನೂ ಕೇಳಿ ನೋಡಿ."

ಆ ಯಜಮಾನ ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಒರ್ಮೊನ್ ಕ್ಯಾಮೆರಾದತ್ತ ತಿರುಗಿದರು. ಹೇಗೋ "ಒಂದು ಸಣ್ಣ ವಿರಾಮ" ಎಂದರು.

ಕ್ಯಾಮೆರಾ ನಿಂತದ್ದೇ ತಡ, ಬತ್ಮಾರ ಫೋನು. "ರೀ, ಗೊತ್ತಿಲ್ಲ ಅಂದ್ಬಿಡಿ! ನಮ್ಮಕ್ಕಂದಿರೆಲ್ಲ ನೋಡ್ತಾ ಕೂತಿದಾರೆ."

"ಅವಳೆಲ್ಲಿ?"

"ಬಾಗಿಲ ಹತ್ರ ನಿಂತಿದಾಳೆ. ಟೀವಿ ನೋಡ್ತಿದಾಳೆ."

ಮುಂದಿನ ಪ್ರಶ್ನೆಗೆ ಹಾರಿಬಿಡುವುದು ಒರ್ಮೊನ್‌ಗೆ ನೀರು ಕುಡಿದಷ್ಟು ಸುಲಭ. ಊರಿಗೆ ತಿಳಿಯುತ್ತಿರಲಿಲ್ಲ. ಆದರೆ ಬಾಗಿಲ ಹತ್ತಿರ ನಿಂತವಳಿಗೆ ತಿಳಿಯುತ್ತಿತ್ತು. ನಾಳೆ ಬೆಳಿಗ್ಗೆ ಅವಳ ಕೈಯಿಂದ ಚಹಾ ಈಸಿಕೊಳ್ಳುವುದು ಹೇಗೆ?

"ಫೋನು ಅವಳ ಕೈಗೆ ಕೊಡು" ಎಂದರು. "ನೋಡಮ್ಮ, ಟೀವಿಲಿ ನಿನ್ನನ್ನ ಒಂದು ಮಾತು ಕೇಳ್ಲಾ? ನೀನು ಬೇಡ ಅಂದ್ರೆ ಬಿಟ್ಬಿಡ್ತೀನಿ."

"ಕೇಳಿ, ಆತಾ."

ಒರ್ಮೊನ್ ಫೋನಿನ ಸ್ಪೀಕರ್ ಹಾಕಿ ಮೈಕಿನ ಮುಂದಿಟ್ಟರು. ಕ್ಯಾಮೆರಾದ ಕೆಂಪು ದೀಪ ಹತ್ತಿತು. "ಆ ಮನೆಯ ಯಜಮಾನ ನಾನೇ" ಎಂದರು ಒರ್ಮೊನ್. ಮುಹಯ್ಯೊ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಐಜಿರೆಕ್ ನನ್ನ ಸೊಸೆ. ಫೋನಿನಲ್ಲಿದ್ದಾಳೆ. ಐಜಿರೆಕ್, ನಿನಗೆ ಹೋಗೋಕೆ ಇಷ್ಟ ಇದೆಯಾ?"

ಕೇಳಿದ ಮೇಲೆ ಅವರಿಗೆ ಹೊಳೆಯಿತು, ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಒರ್ಮೊನ್ ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಆಗ ಫೋನಿನ ಹಿಂದೆ ಬತ್ಮಾರ ದೊಡ್ಡಕ್ಕನ ದನಿ ಕೇಳಿತು: "ನಾನೂ ಟೀಚರಾಗಿದ್ದೆ ಕಣೇ ಬತ್ಮಾ. ನಮ್ಮತ್ತೆ ಕೆಲಸ ಬಿಡಿಸಿದಾಗ ನಿನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಿದ್ದೆ. ಮರೆತ್ಯಾ?"

ಇಡೀ ದೇಶಕ್ಕೆ ಅದು ಕೇಳಿತು. ಮರುಕ್ಷಣ ಬತ್ಮಾ ಗದರಿದ್ದೂ ಕೇಳಿತು: "ಏನು ನನ್ನ ಮುಖ ನೋಡ್ತೀಯಾ? ಹೂಂ ಅನ್ನೇ! ಬಾಯಿಗೆ ಬೀಗ ಹಾಕಿದಾರಾ?"

"ಇಷ್ಟ ಇದೆ, ಆತಾ" ಎಂದಳು ಐಜಿರೆಕ್. "ತುಂಬಾ ಇದೆ."

ಒರ್ಮೊನ್ ಕುರ್ಚಿಗೆ ಒರಗಿದರು. ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಕೆಳಗಿಟ್ಟ ಹಾಗಾಯಿತು. ಮುಂದಿನ ಪ್ರಶ್ನೆ ಏನೆಂದೇ ನೆನಪಾಗಲಿಲ್ಲ. ಮುಹಯ್ಯೊ ಫೋನಿನತ್ತ ಬಾಗಿ ಐಜಿರೆಕ್ ಜೊತೆ ಮಾತಿಗಿಳಿದರು. ಉಳಿದ ಹೊತ್ತೆಲ್ಲ ಅವರಿಬ್ಬರೇ ನದಿಯ ಬಗ್ಗೆ ಮಾತಾಡಿದರು. ಒರ್ಮೊನ್ ಸುಮ್ಮನೆ ಕೂತು ಕೇಳಿದರು.

ಮನೆಗೆ ಬಂದಾಗ ಅತಿಥಿಗಳು ಇನ್ನೂ ಊಟದ ಮುಂದೆಯೇ ಇದ್ದರು. "ಊರಿಗೆಲ್ಲ ನನ್ನ ಗಂಟಲು ಕೇಳಿಸಿದ್ರಲ್ಲ!" ಎಂದು ಬತ್ಮಾ ಜಗಳಕ್ಕೆ ಬಂದರು, ಆದರೆ ನಗು ತಡೆಯಲಾಗಲಿಲ್ಲ.

"ಯಾವಾಗ ಹೊರಡ್ಬೇಕಮ್ಮ?" ಒರ್ಮೊನ್ ಸೊಸೆಯನ್ನು ಕೇಳಿದರು.

"ಸೋಮವಾರ, ಆತಾ."

"ಸೋಮವಾರ ಗಡೀಲಿ ನೂಕುನುಗ್ಗಲು" ಎಂದರು ಬತ್ಮಾ. "ಭಾನುವಾರವೇ ಹೊರಡು."

"ನಾನೇ ಕರ್ಕೊಂಡು ಹೋಗಿ ಬಿಡ್ತೀನಿ" ಎಂದ ಅದಿಲೆತ್. ಎಲ್ಲರೂ ಅವನತ್ತ ತಿರುಗಿದರು. ಅವನ ಕಿವಿ ಕೆಂಪಾಯಿತು.

ದೊಡ್ಡಕ್ಕ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿ, ಐಜಿರೆಕ್‌ಳ ಕೈ ಹಿಡಿದು ಕೂರಿಸಿಕೊಂಡರು. "ಈಗ ಹೇಳು," ಎಂದರು, "ಎದ್ದು ಹೊರಟ ಆ ಗಂಡಸರನ್ನ ವಾಪಸ್ ಕೂರಿಸಿದ್ದು ಹೇಗೆ?"