ಬಿಲ್ಲೆಯ ಏಳನೆಯ ಚಿತ್ರ

ಉಫ್ ಮಾಮನ ಕೈ ನಡುಗುವುದಿಲ್ಲ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಕೇಳಿ ಕೇಳಿ ಅವನೂ ಉಬ್ಬಿಹೋಗಿದ್ದ. ಹಳೆಯ ಕ್ಯಾಮೆರಾ ಬರಲಿ, ಹಳೆಯ ಚಿತ್ರದ ಬಿಲ್ಲೆ ಬರಲಿ, ಮೊದಲು ರಬ್ಬರ್ ಬುರುಡೆ ಒತ್ತಿ ಉಫ್ ಎಂದು ಧೂಳು ಹಾರಿಸುತ್ತಿದ್ದ. ಆ ಹೆಸರಿಟ್ಟವಳು ಅಕ್ಕನ ಒಬ್ಬಳೇ ಮಗಳು. ಹೆಸರು ಉಳಿಯಿತು, ಇಟ್ಟವಳು ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಜ್ವರ ಬಂದು ಹೋಗಿಬಿಟ್ಟಳು.

ಒಂದು ಬೆಳಿಗ್ಗೆ ಅಕ್ಕ ಅವನ ರಿಪೇರಿ ಅಂಗಡಿಗೆ ಬಂದು ಕೈಚೀಲದಿಂದ ಒಂದು ರಟ್ಟಿನ ಬಿಲ್ಲೆ ತೆಗೆದಳು. ಎರಡು ಕಣ್ಣಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡುವಂಥದ್ದು. ಅಂಚಿನ ಸುತ್ತ ಹದಿನಾಲ್ಕು ಪುಟ್ಟ ಕಿಟಕಿ, ಒಂದೊಂದರಲ್ಲೂ ಉಗುರಿನಷ್ಟು ಫಿಲ್ಮು. ಎದುರುಬದುರಿನವು ಜೋಡಿ, ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಎರಡೂ ಸೇರಿದರೆ ಚಿತ್ರ ಎದ್ದು ನಿಲ್ಲುತ್ತದೆ. ಇದನ್ನು ತೀರಿಹೋದ ಭಾವ ತಾವೇ ತೆಗೆದು, ತಾವೇ ಕತ್ತರಿಸಿ ಕೂರಿಸಿದ್ದರು. ಬೆಟ್ಟ, ಸೇತುವೆ, ದೋಣಿ ಎಂದು ಆರು ಚಿತ್ರ, ಏಳನೆಯದರಲ್ಲಿ ಮಗಳು. ಲೋಕದಲ್ಲಿ ಅವಳದೆಂದು ಉಳಿದ ಚಿತ್ರ ಅದೊಂದೇ.

“ಮುಖದ ಮೇಲೆ ಬೂಷ್ಟು ಬಂದಿದೆ ಕಣೋ. ಹೀಗೇ ಬಿಟ್ರೆ ಪೂರ್ತಿ ತಿಂದ್ಹಾಕುತ್ತೆ.”

“ಅಷ್ಟೇನಾ? ಕೂತ್ಕೋ ಅಕ್ಕ. ನಿನ್ನ ಟೀ ಆರೋದ್ರೊಳಗೆ ಕೊಡ್ತೀನಿ.”

ಫಿಲ್ಮಿಗೆ ಎರಡು ಮೈ. ಹೊಳೆಯುವ ಮೈ ಗಟ್ಟಿ, ಒದ್ದೆ ಹತ್ತಿಗೆ ಜಗ್ಗುವುದಿಲ್ಲ. ಬಣ್ಣವೆಲ್ಲ ಇರುವುದು ಮಂಕು ಮೈಯಲ್ಲಿ. ಅದಕ್ಕೆ ಒಣ ಕುಂಚವೇ ಗತಿ. ಬೂಷ್ಟು ಹಿಡಿದ ಕಡೆಯಂತೂ ಒಂದು ಹನಿ ನೀರು ಸೋಕಿದರೂ ಬಣ್ಣ ಕರಗಿ ಹತ್ತಿಗೆ ಬಂದು ಕಥೆ ಮುಗಿಯಿತು. ಕಾರ್ಖಾನೆಯ ಬಿಲ್ಲೆಗಳಲ್ಲಿ ಹೊಳೆಯುವ ಮೈಗಳೆಲ್ಲ ಒಂದೇ ಕಡೆಗಿರುತ್ತವೆ. ಹಾಗಾಗಿ ಉಫ್ ಮಾಮ ಮೊದಲನೆಯ ಕಿಟಕಿಯನ್ನಷ್ಟೇ ಬೆಳಕಿಗೆ ಓರೆ ಹಿಡಿದು ನೋಡುತ್ತಿದ್ದ. ಆಮೇಲೆ ಕಣ್ಣುಮುಚ್ಚಿಕೊಂಡು ಸುತ್ತು ಹಾಕುತ್ತಿದ್ದ. ಕಿಟಕಿಗೊಂದು ಹೊಸ ಒದ್ದೆ ಹತ್ತಿಕಡ್ಡಿ, ಒರೆಸಿದ್ದು ನೇರ ಕಸದ ಡಬ್ಬಿಗೆ. ಈ ಬಿಲ್ಲೆ ಕಾರ್ಖಾನೆಯದಲ್ಲ ಎಂಬುದು ಮಹಾಶಯನ ತಲೆಗೆ ಹೊಳೆಯಲೇ ಇಲ್ಲ. ಮಂಡಿ ತರಚಿಕೊಂಡು ಬಂದು “ಮಾಮ, ಉಫ್ ಮಾಡು” ಎನ್ನುತ್ತಿದ್ದವಳ ಸುದ್ದಿ ಹೇಳಿ ಅಕ್ಕನನ್ನು ನಗಿಸುತ್ತಲೇ ಅವನು ಹದಿನಾಲ್ಕನ್ನೂ ಒರೆಸಿ ಮುಗಿಸಿದ.

ಬಿಲ್ಲೆಯನ್ನು ಪೆಟ್ಟಿಗೆಗೆ ಸಿಕ್ಕಿಸಿ ತಾನೇ ಮೊದಲು ನೋಡಿದ. ಸೇತುವೆ ಫಳಫಳ ಎನ್ನುತ್ತಿತ್ತು. ದೋಣಿಯೂ ಚೆನ್ನಾಗಿತ್ತು. ಮುಂದಿನದು ಏಳನೆಯ ಚಿತ್ರ. ಫ್ರಾಕು ಇತ್ತು, ಪುಟ್ಟ ಬೂಟುಗಳಿದ್ದವು. ಕೊರಳಿಂದ ಮೇಲೆ ಏನೂ ಇರಲಿಲ್ಲ.

“ಕೊಡೋ ಇಲ್ಲಿ.” ಅಕ್ಕ ಪೆಟ್ಟಿಗೆ ಕಿತ್ತುಕೊಂಡಳು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. “ಫ್ರಾಕು ಚೆನ್ನಾಗಿ ಕಾಣುತ್ತೆ” ಎಂದಳು.

ಅವನು ಬಿಲ್ಲೆ ಹೊರಗೆಳೆದು ಆ ಕಿಟಕಿಯನ್ನು ಬೆಳಕಿಗೆ ಓರೆ ಹಿಡಿದ; ಒರೆಸಿದ ಕಡೆ ಮಂಕು ಮೈ ಇತ್ತು.

“ಇದೊಂದನ್ನ ನಿಮ್ಮ ಭಾವ ಹಿಂದುಮುಂದಾಗಿ ಕೂರಿಸಿದ್ರು. ಅವಳ ಎಡಗೆನ್ನೆ ಮಚ್ಚೆ ಬಲಗೆನ್ನೇಲಿ ಕಾಣ್ತಿತ್ತು. ಎಷ್ಟು ಸಲ ಆಡಿಕೊಂಡು ನಕ್ಕಿದೀನಿ. ನಿಂಗೊಂದು ಮಾತು ಹೇಳಬೇಕು ಅಂತ ಹೊಳೀಲಿಲ್ಲ ನೋಡು.”

“ಬೈಯಕ್ಕ. ನಾಲ್ಕು ಬಾರಿಸು ಬೇಕಾದ್ರೆ.”

“ಆ ಹತ್ತಿ ಎಲ್ಲಿ?”

“ಯಾವ ಹತ್ತಿ?”

“ಅವಳನ್ನ ಒರೆಸಿದ್ದು.”

ಅವನು ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ನಿನ್ನೆಯವು, ಮೊನ್ನೆಯವು, ಈಗಿನವು, ಎಲ್ಲ ಕಲಸಿಹೋಗಿದ್ದವು. ಎಲ್ಲದರ ತುದಿಯೂ ಒಂದೇ ಕಂದು. ಅಕ್ಕ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ ತುಸು ಕೆಂಪಗಿದ್ದ ಒಂದನ್ನು ಎತ್ತಿದಳು.

“ಇದಾ?”

ಅವನಿಗೆ ಗೊತ್ತಿರಲಿಲ್ಲ. ಯಾರ ಮನೆಯ ಬೂಷ್ಟೋ ಏನೋ.

“ಹೂಂ ಅಕ್ಕ, ಅದೇ.”

ಅವಳು ಅದನ್ನು ಕರವಸ್ತ್ರದಲ್ಲಿಟ್ಟುಕೊಂಡು ಮತ್ತೆ ಅಂಗೈ ಚಾಚಿದಳು.

“ಇನ್ನೊಂದು ಕಣ್ಣಿಂದು?”

ಉಫ್ ಮಾಮ ರಾಶಿಗೆ ಕೈಹಾಕಿ, ಸಿಕ್ಕಿದ್ದೊಂದನ್ನು ಎತ್ತಿ ಅವಳ ಅಂಗೈಗಿಟ್ಟ.