ಪರದೆಯ ಆಚೆ ಬರೆದ ಹೇಳಿಕೆ

ಕಟಕಟೆಯ ಕಟ್ಟಿಗೆ ತಣ್ಣಗಿತ್ತು. ಅದನ್ನು ಹಿಡಿದು ನಿಂತೆ.

ಎದುರಿನ ಮೂಲೆಯಲ್ಲಿ ಚನ್ನು ನೆಲ ನೋಡುತ್ತ ನಿಂತಿದ್ದ. ನೆಲಕ್ಕೆ ಹಾಸುವ ಶಹಾಬಾದದ ಪರ್ಸಿ ಕಲ್ಲು ಹೇರುವ ಟ್ರ್ಯಾಕ್ಟರಿನ ಡ್ರೈವರ್. ಅತಿವೇಗ ಮತ್ತು ಅಲಕ್ಷತನದಿಂದ ಓಡಿಸಿ ನನ್ನ ಗಂಡ ಮುಕ್ರಮನ ಸಾವಿಗೆ ಕಾರಣನಾದ ಎಂಬುದು ಅವನ ಮೇಲಿನ ಆರೋಪ. ಆ ದಿನ ಬೈಕಿನ ಹಿಂದೆ ಕೂತಿದ್ದವಳು ನಾನು. ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬಳೇ. ನನ್ನ ಮಾತಿನ ಮೇಲೆ ಅವನು ಜೈಲಿಗೆ ಹೋಗಬೇಕು, ಇಲ್ಲ ಮನೆಗೆ.

ಹಿಂದಿನ ಬೆಂಚಿನಲ್ಲಿ ನನ್ನ ಅತ್ತೆ ಅಮೀರ್ಬೀ, ಮೈದುನ ತಾರೀಕ. ಊಟಕ್ಕೆ ಕೂತಾಗಲೆಲ್ಲ ಅತ್ತೆಯದು ಒಂದೇ ಮಾತು: “ನನ್ನ ಮಗ ಒಣ ಬಾಯಿಲೆ ಹೋದ. ಯಾರೂ ಒಂದು ಹನಿ ನೀರು ಹಾಕಲಿಲ್ಲ.”

ಬೆಳಿಗ್ಗೆ ವಾಡಿಯಿಂದ ಚಿತ್ತಾಪುರಕ್ಕೆ ಬರುವಾಗ ಬಸ್ಸಿನಲ್ಲಿ ತಾರೀಕ ಪಿಸುಗುಟ್ಟಿದ್ದ. ನಡೆದದ್ದನ್ನು ನಾನು ಅವನೊಬ್ಬನಿಗೇ ಹೇಳಿದ್ದೆ. “ನೀರಿನ ಮಾತು ತೆಗೀಬ್ಯಾಡ್ರಿ ಭಾಭಿ. ಕೊಂದವನ ಕೈಲೆ ಕುಡದಾನಂತ ಗೊತ್ತಾದರ ಅಮ್ಮಿ ಎದಿ ಒಡೀತದ. ಎಂ.ಎ. ಓದೀರಿ, ನಿಮಗೇನು ಹೇಳಬೇಕು.”

ಸರ್ಕಾರಿ ವಕೀಲರು ನನ್ನ ಹೇಳಿಕೆ ಓದಿದರು. ಟ್ರ್ಯಾಕ್ಟರ್ ಜೋರಾಗಿ ಬಂತು, ಬೈಕಿಗೆ ಗುದ್ದಿತು.

“ಇದು ನೀವು ಪೊಲೀಸರಿಗೆ ಹೇಳಿದ್ದು. ಹೌದೋ, ನಾಹಿದ?”

“ಅಲ್ಲ.”

ನ್ಯಾಯಾಧೀಶರು ತಲೆ ಎತ್ತಿದರು. “ಮತ್ತೆ ಯಾರು ಹೇಳಿದ್ದು?”

“ಆಗ ನಾನು ಇದ್ದತ್ತಿನಲ್ಲಿದ್ದೆ.”

ಗಂಡ ತೀರಿದ ಮೇಲೆ ಆ ಕೆಲವು ತಿಂಗಳು ನಾವು ಹೊರಗಿನ ಗಂಡಸರ ಎದುರು ಬರುವುದಿಲ್ಲ. ಪೊಲೀಸರು ಪಡಸಾಲೆಯಲ್ಲಿ ಕೂತರು. ನಾನು ಪರದೆಯ ಒಳಗೆ. “ಭಾಭಿ ಪರವಾಗಿ ನಾ ಹೇಳ್ತೀನಿ, ಬರಕೋರಿ” ಎಂದು ತಾರೀಕ ಹೇಳುತ್ತ ಹೋದ, ಅವರು ಬರೆಯುತ್ತ ಹೋದರು. ಅವನು ಬೇಕೆಂದು ಸುಳ್ಳು ಕಟ್ಟಲಿಲ್ಲ. ಸುದ್ದಿ ತಿಳಿದು ಓಡಿ ಬಂದಾಗ ಅವನು ಕಂಡದ್ದು ಟ್ರ್ಯಾಕ್ಟರು, ಅದರ ಪಕ್ಕ ಅಣ್ಣ. ಉಳಿದದ್ದನ್ನು ದುಃಖ ಕೂಡಿಸಿತು.

“ಸಾಕ್ಷಿ ತಿರುಗಿಬಿದ್ದಿದ್ದಾರೆ” ಎಂದರು ಸರ್ಕಾರಿ ವಕೀಲರು. “ಗಂಡನನ್ನು ಕೊಂದವನನ್ನು ಉಳಿಸಲು ಬಂದಿದ್ದೀರಾ?”

“ಕಂಡದ್ದು ಹೇಳಲು.”

ಚನ್ನುವಿನ ವಕೀಲ ಮಡಿವಾಳಯ್ಯ ಎದ್ದರು. “ಪರ್ಸಿ ತುಂಬಿದ ಟ್ರ್ಯಾಕ್ಟರ್ ಜೋರ್ ಬಂತಂತ್ರಿ ಸಾಹೇಬ್ರ! ನಮ್ಮ ಎಮ್ಮಿ ಅದರ ಮುಂದ ಹೋಗ್ತದ.”

ಯಾರೋ ನಕ್ಕರು.

“ಎಮ್ಮೆ ಮನೆಯಲ್ಲಿರಲಿ. ಪ್ರಶ್ನೆ ಕೇಳಿ” ಎಂದರು ನ್ಯಾಯಾಧೀಶರು.

“ಏನಾತು ಹೇಳಮ್ಮ.”

ಹೇಳಿದೆ. ಟ್ರ್ಯಾಕ್ಟರ್ ನಮ್ಮ ಮುಂದೆ ನಿಧಾನ ಹೊರಟಿತ್ತು. ಮುಕ್ರಮ ಅದನ್ನು ದಾಟಲು ಹೋದ. ರಸ್ತೆಯ ಮೇಲೆ ಕಲ್ಲು ಪಾಲಿಶ್ ಮಾಡಿದ ಕೆಸರು ಚೆಲ್ಲಿತ್ತು. ಗಾಲಿ ಜಾರಿತು. ಟ್ರ್ಯಾಕ್ಟರ್ ನಮಗೆ ತಾಗಲೇ ಇಲ್ಲ.

“ಆಮ್ಯಾಲ?”

ತಾರೀಕನ ಕಡೆ ನೋಡಲಿಲ್ಲ.

“ಈ ಡ್ರೈವರ್ ಇಳಿದು ಓಡಿ ಬಂದರು. ನಮ್ಮವರ ತಲೆ ತೊಡೆಯ ಮೇಲೆ ಇಟ್ಟುಕೊಂಡರು. ನಮ್ಮವರು ನೀರು ಕೇಳಿದರು. ಇವರು ಗೋಣಿ ಸುತ್ತಿದ ಕ್ಯಾನಿನಿಂದ ಕುಡಿಸಿದರು.”

“ಕುಡದರೇನು?”

“ಕುಡಿದರು. ತಣ್ಣಗದ, ಅಂದರು.”

ಹಿಂದೆ ಬೆಂಚಿನ ಸದ್ದಾಯಿತು. ಅತ್ತೆ ಎದ್ದು ನಿಂತಿದ್ದರು.

ಹೊರಗೆ ಬಂದಾಗ ತಾರೀಕ ಮುಖ ತಿರುಗಿಸಿದ. “ಓದಿದ್ದು ಹೆಚ್ಚಾತು ನಿಮಗ. ನಮ್ಮ ಅಣ್ಣಂದೇ ತಪ್ಪು ಅಂತ ಬರಸಿ ಬಂದ್ರಿ.”

“ಸುಮ್ಮನಿರು” ಎಂದರು ಅತ್ತೆ. ಸೀದಾ ಚನ್ನುವಿನ ಬಳಿ ಹೋದರು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಯಾವ ಕೈಲೆ ಕುಡಿಸಿದಿ?”

ಅವನು ಬಲಗೈ ಮುಂದೆ ಮಾಡಿದ. ಬೆರಳ ಸಂದಿಯಲ್ಲಿ ಕಲ್ಲಿನ ಪುಡಿ ಇತ್ತು.

“ಹೊಟ್ಟಿ ತುಂಬ ಕುಡದನೇನು?”

“ಮತ್ತ ಬೇಕಂದ ಅಮ್ಮಾ. ಮತ್ತ ಹಾಕಿದೆ.”

ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಜವಾನ ಒಳಗಿನಿಂದ ಮುಂದಿನ ಕೇಸಿನ ಹೆಸರು ಕೂಗುತ್ತಿದ್ದ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

ತೀರ್ಪಿನ ದಿನ ಅತ್ತೆ ತಾವಾಗಿಯೇ ಹೊರಟರು. ಆರೋಪ ಸಾಬೀತಾಗಿಲ್ಲ, ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ ಎಂದು ನ್ಯಾಯಾಧೀಶರು ಓದಿದರು.

“ಬಿಟ್ಟರೇನು?” ಅತ್ತೆ ನನ್ನ ತೋಳು ಜಗ್ಗಿದರು.

“ಬಿಟ್ಟರು ಅಮ್ಮಿ.”

ಮನೆಗೆ ಬಂದು ಊಟಕ್ಕೆ ಕೂತೆವು. ಅತ್ತೆ ಒಣ ಬಾಯಿಯ ಆ ಮಾತು ಆಡುತ್ತಾರೆಂದು ಕಾದೆ. ಆಡಲಿಲ್ಲ. ಗಡಿಗೆಯಿಂದ ನೀರು ತುಂಬಿ ಲೋಟವನ್ನು ನನ್ನ ಕಡೆ ಸರಿಸಿದರು.

“ಮೊದಲ ನೀ ಕುಡಿ ಬೇಟಿ.”