ತುಂಗಮ್ಮನ ‘ಪರವಾಗಿಲ್ಲ’

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಎಣ್ಣೆ-ನೀರಿಗೆ ತುಂಗಮ್ಮನೇ ಬರಬೇಕಿತ್ತು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಹದವಾದ ಬಿಸಿನೀರು ಎರೆದರೆ ಎಂಥ ಹಟಮಾರಿಯೂ ಗಪ್‌ಚಿಪ್ಪಾಗುತ್ತಿತ್ತು. ಈಗ ಆ ಕಾಲಿನ ಮಂಡಿಗಳೇ ಮುಷ್ಕರ ಹೂಡಿದ್ದವು. ಅಷ್ಟರಲ್ಲಿ ಮೊಮ್ಮಗಳು ಲಿಖಿತಾ ಬಸುರಿ ಎಂಬ ಸುದ್ದಿ ಬಂತು. ಮರಿಮಗುವಿಗೆ ತಾನೇ ನೀರು ಹಾಕಬೇಕೆಂಬ ಆಸೆ ತುಂಗಮ್ಮನಿಗೆ ಬೆಟ್ಟದಷ್ಟಿತ್ತು. ಬಾಯಿಬಿಟ್ಟು ಹೇಳಲು ಸಂಕೋಚ.

ಪಕ್ಕದ ಮನೆಯ ಸಂಧ್ಯಾ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಒಂದು ಸಂಜೆ ಅವಳು ಬಂದಳು.

“ಅಜ್ಜಿ, ಮಂಡಿನೋವಿಗೆ ಎರಡು ಥರದ ವ್ಯಾಯಾಮ ಇದೆ. ಯಾವುದು ಒಳ್ಳೇದು ಅಂತ ನಮ್ಮಲ್ಲಿ ಪರೀಕ್ಷೆ ಮಾಡಿ ನೋಡ್ತಾರೆ. ಅದಕ್ಕೂ ಮುಂಚೆ ನೋವಿರೋರ ಮಾತು ಕೇಳ್ಬೇಕಂತೆ. ಭಾನುವಾರ ವಿನೋಬನಗರದಲ್ಲಿ ಸಭೆ. ಬರ್ತೀರಾ?”

ತುಂಗಮ್ಮನ ಗಂಡ ಚೌಡಪ್ಪನಿಗೆ ಅನುಮಾನ ಹುಟ್ಟಲು ಇಷ್ಟು ಸಾಕಿತ್ತು. “ಅವರು ಓದಿದೋರು. ನಮ್ಮನ್ನೇನು ಕೇಳೋದು ಮಾರಾಯ್ತಿ? ನಮ್ಮ ಮೇಲೆ ಪ್ರಯೋಗ ಮಾಡೋಕೆ ಇದೊಂದು ನೆಪ!”

“ಸೇರೋದು ಬಿಡೋದು ನಿಮ್ಮಿಷ್ಟ ಅಜ್ಜ. ನಡುವೆ ಬೇಡ ಅನ್ಸಿದ್ರೂ ಬಿಟ್ಟು ಬರಬಹುದು. ಈಗ ಕೇಳ್ತಿರೋದು ಇಷ್ಟೇ: ಗುಣ ಆಯ್ತು ಅಂತ ಏನನ್ನ ನೋಡಿ ಹೇಳ್ಬೇಕು?”

“ಎಕ್ಸ್‌ರೇ ನೋಡಿ!”

“ಎಕ್ಸ್‌ರೇ ಚೆನ್ನಾಗಿದ್ದು, ಅಜ್ಜಿಗೆ ನೆಲದಿಂದ ಏಳೋಕಾಗ್ದಿದ್ರೆ?”

ಚೌಡಪ್ಪ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡ. “ಹಾಗಾದ್ರೆ ನಾನೂ ಬರ್ತೀನಿ, ನೋಡೇ ಬಿಡೋಣ,” ಎಂದ.

ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ಸಭೆಯಲ್ಲಿ ಡಾಕ್ಟರ್ ಜ್ಞಾನೇಶ್ ಹೇಳಿದರು: “ನೋವು ಎಷ್ಟಿದೆ, ಸಮತಟ್ಟಾದ ಜಾಗದಲ್ಲಿ ಎಷ್ಟು ದೂರ ನಡೀತೀರಿ, ಇವೆರಡನ್ನ ಅಳೆಯೋಣ ಅಂದ್ಕೊಂಡಿದ್ದೀವಿ. ಅಮ್ಮಾ, ನಿಮ್ಮ ನೋವು ಹೇಗಿದೆ?”

“ಪರವಾಗಿಲ್ಲ ಡಾಕ್ಟ್ರೇ,” ಅಂದುಬಿಟ್ಟಳು ತುಂಗಮ್ಮ.

ನಮ್ಮ ಹೆಂಗಸರ ಜಾಯಮಾನವೇ ಇದು. ಮೈ ಕೆಂಡದಂತೆ ಸುಡುತ್ತಿದ್ದರೂ ದೊಡ್ಡವರು ಕೇಳಿದರೆ ‘ಪರವಾಗಿಲ್ಲ’. ಕೇಳಿದವರಿಗೆ ಬೇಜಾರಾಗಬಾರದಲ್ಲ!

ಚೌಡಪ್ಪ ಎದ್ದೇ ನಿಂತ. “ಎಂಥ ಪರವಾಗಿಲ್ಲ ಮಾರಾಯ್ತಿ! ಡಾಕ್ಟ್ರೇ, ಅರಿಶಿನ-ಕುಂಕುಮಕ್ಕೆ ಹೋದೋಳು ಚಾಪೆಯಿಂದ ಏಳೋಕಾಗ್ದೆ ಇಬ್ಬರು ಹಿಡಿದು ಎಬ್ಬಿಸಿದ್ರು. ಅವತ್ತಿಂದ ಯಾರ ಮನೆ ಮೆಟ್ಟಿಲೂ ತುಳಿದಿಲ್ಲ ಇವಳು.”

ತುಂಗಮ್ಮನಿಗೆ ನಾಚಿಕೆಯಾಯಿತು, ಗಂಡನ ಮೇಲೆ ಪ್ರೀತಿಯೂ ಉಕ್ಕಿತು. ಇವರೇ ಇಷ್ಟು ಹೇಳಿದ ಮೇಲೆ ತನಗೇನು ಎಂದು ಧೈರ್ಯ ತಂದುಕೊಂಡಳು.

“ನಡೆಯೋದು ಇರ್ಲಿ ಡಾಕ್ಟ್ರೇ. ನಂಗೆ ನೆಲದ ಮೇಲೆ ಕೂತು ಏಳ್ಬೇಕು. ಹುಟ್ಟೋ ಮರಿಮಗೂಗೆ ನಾನೇ ನೀರು ಹಾಕ್ಬೇಕು.”

ಆಮೇಲೆ ಎಲ್ಲರ ಬಾಯಿಗೂ ಮಾತು ಬಂತು. ರಾಗಿಗುಡ್ಡದ ಕಾಶಮ್ಮ ಬಸ್ಸಿನ ಮೆಟ್ಟಿಲಿನ ಪಾಡು ಹೇಳಿಕೊಂಡಳು. ಇನ್ನೊಬ್ಬರಿಗೆ ರಾತ್ರಿ ನಿದ್ದೆಯೇ ದೊಡ್ಡ ಚಿಂತೆ.

“ನೆಲದ ವಿಷಯ ನಮಗೆ ಹೊಳೆದೇ ಇರ್ಲಿಲ್ಲ,” ಎಂದರು ಡಾಕ್ಟರ್. “ಏಳೋಕೆ ಎಷ್ಟು ಜನರ ಸಹಾಯ ಬೇಕು ಅನ್ನೋದನ್ನೂ ಅಳೆಯೋಣ. ಬೇರೆ ಆಸ್ಪತ್ರೆಯವರೂ ಹೀಗೇ ಅಳೆದ್ರೆ ಎಲ್ಲರ ಫಲಿತಾಂಶ ಪಕ್ಕಪಕ್ಕ ಇಟ್ಟು ನೋಡಬಹುದು.”

“ಏನೇನು ಅಳೀತೀರಿ ಅಂತ ಈಗ್ಲೇ ಗಟ್ಟಿ ಮಾಡ್ಕೊಳ್ಳಿ ಮತ್ತೆ,” ಎಂದ ಚೌಡಪ್ಪ. ಅವನು ಹಳೇ ಕಬಡ್ಡಿ ಆಟಗಾರ. “ಆಟ ಮುಗಿದ್ಮೇಲೆ ಗೆರೆ ಎಳೆದ್ರೆ ಯಾರು ಬೇಕಾದ್ರೂ ಗೆಲ್ತಾರೆ!”

“ಅದಕ್ಕೇ ಅಜ್ಜ, ಶುರು ಮಾಡೋಕೆ ಮೊದಲೇ ತೀರ್ಮಾನ ಮಾಡೋದು,” ಎಂದು ನಕ್ಕಳು ಸಂಧ್ಯಾ.

ಎಲ್ಲ ತಿಳಿದುಕೊಂಡು, ಒಪ್ಪಿಗೆ ಕೊಟ್ಟು ತುಂಗಮ್ಮ ಪರೀಕ್ಷೆಗೆ ಸೇರಿದಳು. ತನ್ನ ಪಾಲಿಗೆ ಬಂದ ವ್ಯಾಯಾಮವನ್ನು ದಿನವೂ ತಪ್ಪದೆ ಮಾಡಿದಳು. ಯಾವ ವ್ಯಾಯಾಮ ಮೇಲು ಎಂಬುದು ಎಲ್ಲರ ಅಳತೆ ಮುಗಿದ ಮೇಲೇ ಗೊತ್ತಾಗಬೇಕು. ಆದರೆ ಲಿಖಿತಾಗೆ ಹೆಣ್ಣುಮಗು ಹುಟ್ಟಿದಾಗ ಬಚ್ಚಲಲ್ಲಿ ಮಣೆ ಬಿತ್ತು. ತುಂಗಮ್ಮ ಮೆಲ್ಲಗೆ ಕೂತಳು, ಕಾಲು ನೀಡಿದಳು. ಮೊದಲ ತಂಬಿಗೆ ನೀರಿಗೆ ಬೀದಿಯೆಲ್ಲ ಕೇಳುವಂತೆ ಅತ್ತ ಕೂಸು ಎರಡನೆಯದಕ್ಕೆ ಕಣ್ಣು ಪಿಳಿಪಿಳಿ ಬಿಟ್ಟಿತು.

“ಅಜ್ಜಿ, ಏಳೋಕೆ ಎಷ್ಟು ಜನ ಬೇಕು?” ಬಾಗಿಲಲ್ಲಿ ನಿಂತು ಸಂಧ್ಯಾ ಕೇಳಿದಳು.

“ಪರವಾ...” ತುಂಗಮ್ಮ ನಾಲಿಗೆ ಕಚ್ಚಿಕೊಂಡಳು. “ಒಬ್ಬರು ಬೇಕಮ್ಮ. ಅಗೋ, ಅಲ್ಲೇ ನಿಂತಿದ್ದಾರೆ.”

ಚೌಡಪ್ಪ ಆಗಲೇ ಕೈ ಚಾಚಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಇಂಥ ಪರೀಕ್ಷೆ ಬಂದೀತು. “ಏನನ್ನು ಅಳೆಯುತ್ತೀರಿ? ನಮ್ಮನ್ನು ಕೇಳಿದಿರಾ?” ಎಂದು ಧೈರ್ಯವಾಗಿ ಕೇಳಿ. ಅವರು ಕೇಳಿದಾಗ, ನಿಮ್ಮ ಕೈಲಿ ಏನಾಗುತ್ತಿಲ್ಲ, ಏನಾಗಬೇಕು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಒಂದೇ ಒಂದು ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ: ‘ಪರವಾಗಿಲ್ಲ’.